ಲಿವರ್‌ನೊಳಗಿನ ಕೊಬ್ಬು, ಕೈಯೊಳಗಿನ ಗುಳಿಗಿ

ಧಾರವಾಡದಿಂದ ಹುಬ್ಬಳ್ಳಿ ಕಡೆಗೆ ಪಿ.ಬಿ. ರಸ್ತೆ ಹಿಡಿದು ಹೊರಟರೆ ಲಕಮನಹಳ್ಳಿ ಸಿಗುತ್ತದೆ. ಹಳೆಯ ಊರಿನ ಮನೆಗಳು, ಕೈಗಾರಿಕಾ ಪ್ರದೇಶದ ಶೆಡ್ಡುಗಳು, ಹಾಲು ಒಕ್ಕೂಟದ ಡೇರಿ, ನಡುರಸ್ತೆಯಲ್ಲಿ ಚಿಗರಿ ಬಸ್ಸುಗಳ ಓಟ. ಈ ಭಾಗದ ಔಷಧ ಅಂಗಡಿಯೊಂದರ ಕೌಂಟರಿನ ಹಿಂದೆ ನಿಂತು ನನಗೆ ಇಪ್ಪತ್ತು ವರ್ಷ ದಾಟಿತು. ಮೊದಲೆಲ್ಲ ಜನ ಬರುತ್ತಿದ್ದುದು ಜ್ವರಕ್ಕೆ, ಮೈಕೈ ನೋವಿಗೆ, ಪಿತ್ತಕ್ಕೆ. ಈಗ ಶಿಫ್ಟ್ ಮುಗಿಸಿ ಬಂದವರು ಮೊಬೈಲಿನಲ್ಲಿ ಸ್ಕ್ಯಾನಿಂಗ್ ರಿಪೋರ್ಟಿನ ಫೋಟೊ ತೆಗೆದು ಮುಂದೆ ಹಿಡಿಯುತ್ತಾರೆ.

"ಸರ, ಹೊಟ್ಟಿ ಸ್ಕ್ಯಾನಿಂಗ್‌ನ್ಯಾಗ ಫ್ಯಾಟಿ ಲಿವರ್ ಅಂತ ಬಂದೈತಿ. ಇನ್ನ ಈ ಬಿಪಿ ಗುಳಿಗಿ ತಗೊಂಡ್ರ ಲಿವರ್ ಪೂರಾ ಹೋಗತೈತೇನ್ರಿ?"

ಕೇಳುವುದು ತಪ್ಪಲ್ಲ. ನುಂಗಿದ ಗುಳಿಗೆ ಕರುಳಿನಿಂದ ರಕ್ತಕ್ಕೆ ಇಳಿದ ಮೇಲೆ ಮೊದಲು ಹೋಗುವುದೇ ಲಿವರ್‌ಗೆ. ಅಲ್ಲಿನ ಕಿಣ್ವಗಳು ಅದನ್ನು ಒಡೆದು, ತಿದ್ದಿ, ನೀರಿನಲ್ಲಿ ಕರಗುವಂತೆ ಮಾಡಿ ಮೂತ್ರಕ್ಕೋ ಪಿತ್ತರಸಕ್ಕೋ ಸಾಗಿಸುತ್ತವೆ. ಅಂಥ ಜಾಗದಲ್ಲಿ ಕೊಬ್ಬು ಕೂತರೆ ಗುಳಿಗೆಯ ಗತಿ ಏನು ಎಂಬುದು ಬಹಳ ಸರಿಯಾದ ಪ್ರಶ್ನೆ. ಆದರೆ ಜನ ತಾವೇ ಕಂಡುಕೊಂಡ ಉತ್ತರಗಳು ನನ್ನನ್ನು ಹೆದರಿಸುತ್ತವೆ. ಕೆಲವರು ಬಿಪಿ ಗುಳಿಗೆ ನಿಲ್ಲಿಸಿ ಎರಡು ತಿಂಗಳಾದ ಮೇಲೆ ನನಗೆ ಹೇಳುತ್ತಾರೆ. ಕೆಲವರು ಬಿಪಿ ಗುಳಿಗೆ ಬಿಟ್ಟು ಕಷಾಯ ಹಿಡಿಯುತ್ತಾರೆ. ಹಾಗಾಗಿ ಕೌಂಟರಿನ ಮೇಲೆ ತಿರುತಿರುಗಿ ಕೇಳಿಬರುವ ಮಾತುಗಳನ್ನು ಒಂದೊಂದಾಗಿ ಎತ್ತಿಕೊಂಡಿದ್ದೇನೆ.

ತಪ್ಪು ಕಲ್ಪನೆ: ಕುಡಿಯುವವರಿಗೆ, ದಪ್ಪ ಇರುವವರಿಗೆ ಮಾತ್ರ ಫ್ಯಾಟಿ ಲಿವರ್.

ವಾಸ್ತವ: ಹನಿ ಮದ್ಯ ಮುಟ್ಟದವರಲ್ಲೂ ಕುಡುಕರ ಲಿವರ್‌ನಂಥದೇ ಕೊಬ್ಬು, ಉರಿಯೂತ ಕಾಣುತ್ತದೆ ಎಂದು ಅಮೆರಿಕದ ಮೇಯೊ ಕ್ಲಿನಿಕ್ಕಿನ ಯುರ್ಗನ್ ಲುಡ್ವಿಗ್ ಮತ್ತು ಸಂಗಡಿಗರು 1980ರಲ್ಲೇ ಬರೆದು, ಅದಕ್ಕೊಂದು ಹೆಸರನ್ನೂ ಕೊಟ್ಟರು. ಸಕ್ಕರೆ ಕಾಯಿಲೆ, ಬಿಪಿ, ಹೊಟ್ಟೆಯ ಸುತ್ತಳತೆ, ರಕ್ತದ ಕೊಬ್ಬು ಇವುಗಳ ಬಳಗದ ರೋಗ ಇದು ಎಂಬುದು ಸ್ಪಷ್ಟವಾದ ಮೇಲೆ 2023ರಲ್ಲಿ ಹೆಸರನ್ನೇ ಬದಲಿಸಿ ಚಯಾಪಚಯದ ಏರುಪೇರಿಗೆ ಜೋಡಿಸಿದರು. ತೆಳ್ಳಗಿರುವವರೂ ಇದರಿಂದ ಪಾರಲ್ಲ. ಪಶ್ಚಿಮ ಬಂಗಾಳದ ಹಳ್ಳಿಗಳಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಫ್ಯಾಟಿ ಲಿವರ್ ಇದ್ದವರ ಪೈಕಿ ನೂರಕ್ಕೆ 75 ಮಂದಿಯ ಬಿಎಂಐ 25ಕ್ಕಿಂತ ಕಡಿಮೆ ಇತ್ತು. ಫೆಬ್ರುವರಿ 2021ರಲ್ಲಿ ಕೇಂದ್ರ ಸರ್ಕಾರ ಇದನ್ನು ಸಕ್ಕರೆ, ಹೃದ್ರೋಗ, ಕ್ಯಾನ್ಸರ್‌ಗಳ ರಾಷ್ಟ್ರೀಯ ಕಾರ್ಯಕ್ರಮದೊಳಗೆ ಸೇರಿಸಿತು. ಆಗ ಕೊಟ್ಟ ಅಂದಾಜು: ದೇಶದಲ್ಲಿ ನೂರಕ್ಕೆ 9ರಿಂದ 32 ಮಂದಿಗೆ ಈ ತೊಂದರೆ ಇರಬಹುದು.

ತಪ್ಪು ಕಲ್ಪನೆ: ಎಸ್‌ಜಿಪಿಟಿ ನಾರ್ಮಲ್ ಬಂದಿದೆ, ಅಂದರೆ ಲಿವರ್‌ನ ಕಿಣ್ವಗಳೆಲ್ಲ ಸರಿ ಇವೆ, ಜಾಸ್ತಿ ಬಂದಿದೆ, ಅಂದರೆ ಔಷಧ ಕರಗಿಸುವ ಕಿಣ್ವ ಕೆಟ್ಟಿದೆ.

ವಾಸ್ತವ: ಎಲ್ಲ ಗೊಂದಲಗಳ ಬೇರು ಇದೇ ಎಂದು ನನಗನಿಸುತ್ತದೆ. "ಎಂಜೈಮ್ ಏರ್‍ಯಾವು" ಎಂದು ಡಾಕ್ಟರು ಹೇಳಿದ ಮಾತು ಒಂದು, ಕೇಳಿದವರ ಕಿವಿಯಲ್ಲಿ ಉಳಿದ ಅರ್ಥ ಇನ್ನೊಂದು.

ಎಸ್‌ಜಿಪಿಟಿ, ಎಸ್‌ಜಿಒಟಿ ಎಂಬ ಕಿಣ್ವಗಳು ಇರಬೇಕಾದದ್ದು ಲಿವರ್ ಕಣಗಳ ಒಳಗೆ. ಕಣಕ್ಕೆ ಪೆಟ್ಟು ಬಿದ್ದಾಗ ಅವು ಹೊರಗೆ ಸೋರಿ ರಕ್ತಕ್ಕೆ ಬರುತ್ತವೆ. ರಿಪೋರ್ಟಿನ ಅಂಕಿ ಹೇಳುವುದು ಈ ಸೋರಿಕೆಯ ಲೆಕ್ಕವನ್ನು. ಈ ಎರಡು ಕಿಣ್ವಗಳಿಗೂ ಔಷಧ ಒಡೆಯುವ ಕೆಲಸಕ್ಕೂ ಸಂಬಂಧವಿಲ್ಲ; ಅವುಗಳ ಕೆಲಸ ಅಮೈನೊ ಆಮ್ಲಗಳದ್ದು.

ಔಷಧ ಒಡೆಯುವ ಮುಖ್ಯ ಬಳಗದ ಹೆಸರು ಸೈಟೋಕ್ರೋಮ್ ಪಿ450. 1958ರಲ್ಲಿ ಲಿವರ್ ಕಣದೊಳಗಿನ ಪೊರೆಗಳಲ್ಲಿ ವಿಚಿತ್ರವಾದೊಂದು ಬಣ್ಣದ ವಸ್ತು ಕಂಡಿತು: ಕಾರ್ಬನ್ ಮಾನಾಕ್ಸೈಡ್ ಅನಿಲ ಅಂಟಿದಾಗ ಅದು 450 ನ್ಯಾನೋಮೀಟರ್ ಉದ್ದದ ಬೆಳಕಿನ ಅಲೆಯನ್ನು ಹೀರುತ್ತಿತ್ತು. ಜಪಾನಿನ ಸುನಿಯೊ ಓಮುರಾ ಮತ್ತು ರ್ಯೋ ಸಾಟೊ 1962ರಲ್ಲಿ ಅದಕ್ಕೆ ಈ ಹೆಸರಿಟ್ಟರು. ಪಿ ಎಂದರೆ ಪಿಗ್ಮೆಂಟ್, ಬಣ್ಣ. ಮನುಷ್ಯನಲ್ಲಿ ಈ ಬಳಗದ 57 ವಂಶವಾಹಿಗಳಿವೆ. ಔಷಧಗಳ ಮಟ್ಟಿಗೆ ಹೆಚ್ಚು ದುಡಿಯುವ ಕಿಣ್ವಗಳು ಹತ್ತರ ಆಸುಪಾಸು. ಅವುಗಳಿಗೆ ಊರಿನ ಸರ್ವೆ ನಂಬರಿನಂಥ ಹೆಸರುಗಳು: 3ಎ4, 2ಸಿ9, 2ಸಿ19, 2ಡಿ6, 1ಎ2, 2ಇ1. ಇವು ಕಣದೊಳಗಿನ ಪೊರೆಯಲ್ಲಿ ಹುಗಿದು ಕೂತಿರುತ್ತವೆ. ಲಿವರ್ ಫಂಕ್ಷನ್ ಟೆಸ್ಟ್ ಎಂದು ರಕ್ತ ಕೊಟ್ಟು ಬಂದಾಗ ಇವುಗಳಲ್ಲಿ ಒಂದನ್ನೂ ಅಳೆಯುವುದಿಲ್ಲ. ಅಳೆಯಲೇಬೇಕೆಂದರೆ ಆ ಕಿಣ್ವವೇ ಒಡೆಯುವ ಔಷಧವೊಂದನ್ನು ಸಣ್ಣ ಪ್ರಮಾಣದಲ್ಲಿ ಕೊಟ್ಟು, ಅದು ರಕ್ತದಿಂದ ಎಷ್ಟು ಬೇಗ ಇಳಿಯುತ್ತದೆ ಎಂದು ಗಂಟೆಗಟ್ಟಲೆ ನೋಡಬೇಕು. 1ಎ2ಗೆ ನಮ್ಮ ಚಹಾದಲ್ಲಿರುವ ಕೆಫೀನೇ ಪರೀಕ್ಷೆಯ ವಸ್ತು, 3ಎ4ಗೆ ಮಿಡಜೋಲಾಮ್. ಇಂಥ ಪರೀಕ್ಷೆ ಸಂಶೋಧನೆಯಲ್ಲಿ ನಡೆಯುತ್ತದೆ, ದಿನನಿತ್ಯದ ಚಿಕಿತ್ಸೆಯಲ್ಲಿ ಅಲ್ಲ.

ಫ್ಯಾಟಿ ಲಿವರ್ ಇರುವ ಎಷ್ಟೋ ಜನರಲ್ಲಿ ಎಸ್‌ಜಿಪಿಟಿ ಪೂರ್ತಿ ನಾರ್ಮಲ್ ಇರುತ್ತದೆ, ಮುಂದುವರಿದ ರೋಗದಲ್ಲೂ ಹಾಗಿರಬಹುದು. ಆ ಅಂಕಿಯೊಂದನ್ನೇ ನೋಡಿ ಗುಳಿಗೆ ಬಿಡುವುದಕ್ಕೂ ಹಿಡಿಯುವುದಕ್ಕೂ ಆಧಾರವಿಲ್ಲ.

ತಪ್ಪು ಕಲ್ಪನೆ: ಕೊಬ್ಬು ಕೂತ ಲಿವರ್ ಯಾವ ಔಷಧವನ್ನೂ ಸರಿಯಾಗಿ ಒಡೆಯುವುದಿಲ್ಲ. ಹಾಗಾಗಿ ಎಲ್ಲ ಗುಳಿಗೆಗಳನ್ನೂ ಅರ್ಧ ಮಾಡಬೇಕು.

ವಾಸ್ತವ: ಇದನ್ನು ವಿವರಿಸಲು ನಾನು ಪಕ್ಕದ ಡೇರಿಯನ್ನೇ ತೋರಿಸುತ್ತೇನೆ. ಅಲ್ಲಿಗೆ ಬರುವುದು ಹಾಲೊಂದೇ. ಆದರೆ ಹಾಲು ಕಾಯಿಸಿ ಪಾಕೀಟು ಮಾಡುವ ಸಾಲು ಬೇರೆ, ಮೊಸರಿನದು ಬೇರೆ, ತುಪ್ಪದ್ದು ಬೇರೆ. ಮೊಸರಿನ ಸಾಲು ನಿಧಾನವಾದ ದಿನ ತುಪ್ಪದ ಸಾಲು ಎಂದಿನಂತೆ ನಡೆಯಬಹುದು. ಲಿವರ್‌ನ ಕಿಣ್ವಗಳೂ ಹಾಗೆ. ಕೊಬ್ಬು ಎಲ್ಲವನ್ನೂ ಒಂದೇ ಸಮ ಮಂದ ಮಾಡುವುದಿಲ್ಲ.

ಮೊದಲು 3ಎ4. ಬಳಕೆಯಲ್ಲಿರುವ ಔಷಧಗಳ ಪೈಕಿ ಮೂರನೇ ಒಂದರಿಂದ ಅರ್ಧದಷ್ಟು ಔಷಧಗಳು ಈ ಒಂದೇ ಕಿಣ್ವದ ಕೈಯಲ್ಲಿ ಹಾದುಹೋಗುತ್ತವೆ. ಬಿಪಿಯ ಅಮ್ಲೊಡಿಪಿನ್, ಕೊಲೆಸ್ಟ್ರಾಲಿನ ಅಟೊರ್ವಾಸ್ಟಾಟಿನ್, ನಿದ್ದೆಗೆಂದು ಕೊಡುವ ಆಲ್‌ಪ್ರಜೋಲಾಮ್ ಎಲ್ಲ ಈ ಗುಂಪಿನವು. ಫ್ಯಾಟಿ ಲಿವರ್‌ನಲ್ಲಿ ಇದರ ಕೆಲಸ ಕುಗ್ಗುತ್ತದೆ ಎಂಬುದಕ್ಕೆ ಒಳ್ಳೆಯ ಸಾಕ್ಷ್ಯವಿದೆ. ಕೆನಡಾದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಯಾಪ್ಸಿಯಿಂದ ಖಚಿತವಾದ ಉರಿಯೂತದ ಫ್ಯಾಟಿ ಲಿವರ್ ಇದ್ದವರ ರಕ್ತದಲ್ಲಿ ಮಿಡಜೋಲಾಮ್ ಮಟ್ಟ ಆರೋಗ್ಯವಂತರಿಗಿಂತ ಸುಮಾರು 2.4 ಪಟ್ಟು ಹೆಚ್ಚಿತ್ತು. ಎಂಡೊಸ್ಕೋಪಿಗೆ ಮುಂಚೆ ಮಂಪರು ಬರಿಸಲು ಕೊಡುವ ಇಂಜೆಕ್ಷನ್ ಇದೇ ಮಿಡಜೋಲಾಮ್. ಅಂಥ ಪರೀಕ್ಷೆಗೆ ಹೋದಾಗ "ನನಗ ಫ್ಯಾಟಿ ಲಿವರ್ ಐತ್ರಿ" ಎಂದು ಮೊದಲೇ ಹೇಳಿಬಿಡಿ. ಡೋಸ್ ನೋಡಿಕೊಂಡು ಕೊಡುತ್ತಾರೆ.

ಕುಗ್ಗುವುದೇಕೆ? ಕಣದೊಳಗೆ ಕೊಬ್ಬಿನ ಹನಿಗಳು ಜಾಗ ಹಿಡಿಯುತ್ತವೆ ಎಂಬುದಷ್ಟೇ ಕಾರಣವಲ್ಲ. ಕೊಬ್ಬು ಕೂತ ಲಿವರ್‌ನಲ್ಲಿ ಉರಿಯೂತ ಶುರುವಾದಾಗ ಐಎಲ್-6, ಟಿಎನ್‌ಎಫ್ ಎಂಬ ರಾಸಾಯನಿಕ ಸಂದೇಶಗಳು ಹರಡುತ್ತವೆ. ಔಷಧ ಒಡೆಯುವ ಕಿಣ್ವಗಳನ್ನು ತಯಾರಿಸಲು ಆಜ್ಞೆ ಕೊಡುವ ಸ್ವಿಚ್ಚುಗಳು ಕಣದೊಳಗಿರುತ್ತವೆ. ಈ ಸಂದೇಶಗಳು ಆ ಸ್ವಿಚ್ಚುಗಳನ್ನು ತಗ್ಗಿಸುತ್ತವೆ. ಜೋರು ಜ್ವರ, ಸೋಂಕು ಬಂದಾಗ ಕೆಲವು ದಿನ ಆಗುವುದೂ ಇದೇ. ಫ್ಯಾಟಿ ಲಿವರ್‌ನಲ್ಲಿ ಅದು ಸಣ್ಣ ಉರಿಯಲ್ಲಿ ವರ್ಷಗಟ್ಟಲೆ ನಡೆಯುತ್ತದೆ.

ಇನ್ನು ಉಳಿದವು. ಕೊಬ್ಬಿನ ಬೇರೆ ಬೇರೆ ಹಂತದ ಮನುಷ್ಯರ ಲಿವರ್ ಮಾದರಿಗಳನ್ನು ಪ್ರಯೋಗಾಲಯದಲ್ಲಿ ಹೋಲಿಸಿ 2009ರಲ್ಲಿ ಅಮೆರಿಕದಿಂದ ಪ್ರಕಟವಾದ ಅಧ್ಯಯನವೊಂದಿದೆ. ರೋಗ ಮುಂದುವರಿದಂತೆ 1ಎ2 ಮತ್ತು 2ಸಿ19ರ ಕೆಲಸ ಇಳಿದಿತ್ತು, 2ಸಿ9ರದು ಏರಿತ್ತು! ಸಕ್ಕರೆಯ ಗ್ಲಿಮೆಪಿರೈಡ್, ನೋವಿನ ಡೈಕ್ಲೊಫೆನಾಕ್ ಹಾದುಹೋಗುವುದು ಈ 2ಸಿ9ರ ದಾರಿಯಲ್ಲೇ. 2ಇ1ರ ಕತೆ ಇನ್ನೂ ತೊಡಕು: ಜೀವಂತ ರೋಗಿಗಳಿಗೆ ಔಷಧ ಕೊಟ್ಟು ನೋಡಿದ ಅಧ್ಯಯನಗಳಲ್ಲಿ ಅದರ ಕೆಲಸ ಏರಿದ್ದು ಕಂಡಿದೆ, ಮೇಲೆ ಹೇಳಿದ ಲಿವರ್ ಮಾದರಿಗಳಲ್ಲಿ ಅದರ ಪ್ರಮಾಣ ಇಳಿಮುಖವಿತ್ತು.

ಈಗ ಎಲ್ಲ ಗುಳಿಗೆ ಅರ್ಧ ಮಾಡುವ ಮಾತಿಗೆ ಬರೋಣ. ಸಕ್ಕರೆ ಕಾಯಿಲೆಯವರು ಅತಿ ಹೆಚ್ಚು ನುಂಗುವ ಮೆಟ್‌ಫಾರ್ಮಿನ್ ಅನ್ನು ಲಿವರ್ ಒಡೆಯುವುದೇ ಇಲ್ಲ. ಅದು ಹೇಗೆ ಹೋಯಿತೋ ಹಾಗೆಯೇ ಕಿಡ್ನಿಯಿಂದ ಹೊರಬೀಳುತ್ತದೆ. ಅದನ್ನು ಅರ್ಧ ಮಾಡಿದರೆ ಸಕ್ಕರೆ ಏರುತ್ತದೆ, ಸಕ್ಕರೆ ಏರಿದರೆ ಲಿವರ್‌ನ ಕೊಬ್ಬೂ ಏರುತ್ತದೆ. ಇನ್ನು ಕೆಲವು ಔಷಧಗಳು ನುಂಗಿದಾಗ ಮದ್ದೇ ಅಲ್ಲ, ಲಿವರ್ ಅವನ್ನು ಮದ್ದಾಗಿ ಮಾಡಬೇಕು. ಹೃದಯದ ಸ್ಟೆಂಟ್ ಹಾಕಿಸಿಕೊಂಡವರ ಕ್ಲೊಪಿಡೊಗ್ರೆಲ್ ಹಾಗೆ. 2ಸಿ19 ಮುಂತಾದ ಕಿಣ್ವಗಳು ಎರಡು ಹಂತದಲ್ಲಿ ತಿದ್ದಿದ ಮೇಲೆ ಮಾತ್ರ ಅದು ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತದೆ. ಆ ಕಿಣ್ವ ಮಂದವಾದರೆ ಆಗುವ ಅಪಾಯ ಔಷಧ ಹೆಚ್ಚಾಗಿದ್ದಲ್ಲ, ಔಷಧ ಸಾಲದೆ ಹೋದದ್ದು. ಅಂಥವರು ಲಿವರ್ ಉಳಿಸಿಕೊಳ್ಳಲೆಂದು ಗುಳಿಗೆಯನ್ನು ಮುರಿದು ಅರ್ಧ ನುಂಗಿದರೆ ಸ್ಟೆಂಟ್ ಮುಚ್ಚಿಹೋಗಬಹುದು. ಈ ಒಂದು ಮಾತನ್ನು ನಾನು ಕೈಮುಗಿದು ಹೇಳುತ್ತೇನೆ.

ಬರೀ ಕೊಬ್ಬು ಇದೆ ಎಂಬ ಒಂದೇ ಕಾರಣಕ್ಕೆ ಎಲ್ಲ ಔಷಧಗಳ ಡೋಸ್ ಇಳಿಸಿ ಎಂದು ಯಾವ ವೈದ್ಯಕೀಯ ಮಾರ್ಗಸೂಚಿಯೂ ಹೇಳುವುದಿಲ್ಲ.

ತಪ್ಪು ಕಲ್ಪನೆ: ಫ್ಯಾಟಿ ಲಿವರ್ ಇದ್ದರೆ ಪ್ಯಾರಸಿಟಮಾಲ್ ವಿಷ. ಅಥವಾ, ಪ್ಯಾರಸಿಟಮಾಲ್ ತಾನೆ, ಎಷ್ಟು ನುಂಗಿದರೂ ನಡೆಯುತ್ತದೆ.

ವಾಸ್ತವ: ಒಂದೇ ದಿನ ಎರಡೂ ಮಾತು ಕೇಳಿದ್ದೇನೆ. ಎರಡೂ ತಪ್ಪು.

ನುಂಗಿದ ಪ್ಯಾರಸಿಟಮಾಲಿನ ಬಹುಪಾಲು ಸಕ್ಕರೆಯಂಥ ಅಣುವಿಗೋ ಗಂಧಕದ ಅಣುವಿಗೋ ಅಂಟಿಕೊಂಡು ಸುಮ್ಮನೆ ಮೂತ್ರದಲ್ಲಿ ಹೋಗುತ್ತದೆ. ನೂರಕ್ಕೆ ಐದರಿಂದ ಹತ್ತು ಪಾಲು ಮಾತ್ರ ಮುಖ್ಯವಾಗಿ 2ಇ1 ಕಿಣ್ವದ ಕೈಗೆ ಸಿಕ್ಕು ವಿಷವಾಗುತ್ತದೆ. ಆ ವಿಷವನ್ನು ಹಿಡಿದು ಕಟ್ಟಿಹಾಕಲು ಲಿವರ್‌ನಲ್ಲಿ ಗ್ಲುಟಾಥಿಯೋನ್ ಎಂಬ ದಾಸ್ತಾನು ಇರುತ್ತದೆ. ಮಿತಿಯಲ್ಲಿದ್ದಷ್ಟು ದಿನ ದಾಸ್ತಾನು ಸಾಕಾಗುತ್ತದೆ. ಮಿತಿ ಮೀರಿದರೆ ದಾಸ್ತಾನು ಬರಿದಾಗಿ ವಿಷ ಲಿವರ್ ಕಣಗಳಿಗೇ ಅಂಟುತ್ತದೆ. ಫ್ಯಾಟಿ ಲಿವರ್‌ನಲ್ಲಿ 2ಇ1ರ ಕೆಲಸ ಹೆಚ್ಚಿರಬಹುದು, ದಾಸ್ತಾನು ತೆಳುವಾಗಿರಬಹುದು. ಅದರ ಮೇಲೆ ದಿನಾ ಕುಡಿತ ಇದ್ದರೆ ಕಿಣ್ವ ಇನ್ನೂ ಏರುತ್ತದೆ. ಊಟ ಬಿಟ್ಟು ಉಪವಾಸವಿದ್ದರೆ ದಾಸ್ತಾನು ಇನ್ನೂ ಇಳಿಯುತ್ತದೆ. ಹಬ್ಬದ ಉಪವಾಸ, ರಾತ್ರಿ ಗೆಳೆಯರ ಜೊತೆ ಕುಡಿತ, ಬೆಳಿಗ್ಗೆ ತಲೆನೋವಿಗೆ ಮೂರು ಗುಳಿಗೆ: ಇವು ಒಟ್ಟಿಗೆ ಬಂದಾಗ ನನಗೆ ಭಯವಾಗುತ್ತದೆ.

ಹಾಗಿದ್ದೂ ಲಿವರ್ ತೊಂದರೆ ಇರುವವರಿಗೆ ಜ್ವರ, ನೋವು ಬಂದರೆ ವೈದ್ಯರು ಮೊದಲು ಆರಿಸಿಕೊಳ್ಳುವುದು ಪ್ಯಾರಸಿಟಮಾಲನ್ನೇ. ಐಬುಪ್ರೊಫೆನ್, ಡೈಕ್ಲೊಫೆನಾಕ್ ಜಾತಿಯ ನೋವಿನ ಗುಳಿಗೆಗಳು ಹೊಟ್ಟೆಯಲ್ಲಿ ರಕ್ತಸ್ರಾವ, ಕಿಡ್ನಿಗೆ ಪೆಟ್ಟು ತರಬಲ್ಲವು. ಆರೋಗ್ಯವಂತ ದೊಡ್ಡವರಿಗೆ ದಿನಕ್ಕೆ 4 ಗ್ರಾಂ ಪ್ಯಾರಸಿಟಮಾಲ್ ಕೊನೆಯ ಮಿತಿ. ಲಿವರ್ ಗಟ್ಟಿಯಾದವರಿಗೆ, ದಿನಾ ಕುಡಿಯುವವರಿಗೆ 2 ಗ್ರಾಂ ಒಳಗೆ ಇರಿಸುವುದು ವಾಡಿಕೆ. 650ರ ಗುಳಿಗೆ ಲೆಕ್ಕದಲ್ಲಿ ಮೂರು. ನೆಗಡಿಯ ಗುಳಿಗೆ, ಸೊಂಟನೋವಿನ ಜೋಡಿ ಗುಳಿಗೆಗಳಲ್ಲೂ ಪ್ಯಾರಸಿಟಮಾಲ್ ಇರುತ್ತದೆ ಎಂಬುದನ್ನು ಜನ ಲೆಕ್ಕಕ್ಕೆ ಹಿಡಿಯುವುದಿಲ್ಲ. ಪಟ್ಟಿಯ ಹಿಂಭಾಗ ಓದಿ, ಇಲ್ಲವೇ ನಮ್ಮನ್ನು ಕೇಳಿ.

ತಪ್ಪು ಕಲ್ಪನೆ: ಕೊಲೆಸ್ಟ್ರಾಲ್ ಗುಳಿಗೆ ಲಿವರ್ ಕೆಡಿಸುತ್ತದೆ, ಫ್ಯಾಟಿ ಲಿವರ್ ಬಂದ ದಿನವೇ ಬಿಡಬೇಕು.

ವಾಸ್ತವ: ಫ್ಯಾಟಿ ಲಿವರ್ ಇರುವವರನ್ನು ಹೆಚ್ಚಾಗಿ ಕೊಲ್ಲುವುದು ಲಿವರ್ ಅಲ್ಲ, ಹೃದಯ. ಸ್ಟಾಟಿನ್ ಎಂಬ ಕೊಲೆಸ್ಟ್ರಾಲ್ ಗುಳಿಗೆ ಆ ಅಪಾಯವನ್ನೇ ತಡೆಯುವುದಕ್ಕೆ ಇರುವುದು. ಗ್ರೀಸಿನಲ್ಲಿ ನಡೆದು 2010ರಲ್ಲಿ ಪ್ರಕಟವಾದ ಗ್ರೇಸ್ ಅಧ್ಯಯನದ ವಿಶ್ಲೇಷಣೆಯಲ್ಲಿ, ಮೊದಲೇ ಲಿವರ್ ಅಂಕಿಗಳು ಏರಿದ್ದವರು ಸ್ಟಾಟಿನ್ ತಗೊಂಡಾಗ ಆ ಅಂಕಿಗಳು ಸುಧಾರಿಸಿದವು, ಹೃದಯಾಘಾತಗಳೂ ಕಡಿಮೆಯಾದವು.

ಎಚ್ಚರ ಇರಬೇಕಾದದ್ದು ಬೇರೆಡೆ. ನಮ್ಮ ಕಡೆ ಸೆಕೆಯಲ್ಲಿ, ಮೈತುಂಬ ಬೆವರಿಳಿಸಿ ದುಡಿಯುವವರಿಗೆ ಹುಳಕಡ್ಡಿ ಸಾಮಾನ್ಯ. ಅದಕ್ಕೆ ಇಟ್ರಾಕೊನಜೋಲ್ ಗುಳಿಗೆ ವಾರಗಟ್ಟಲೆ ನಡೆಯುತ್ತದೆ. ಈ ಇಟ್ರಾಕೊನಜೋಲ್ 3ಎ4 ಕಿಣ್ವವನ್ನು ಬಲವಾಗಿ ಅದುಮಿಡುವ ಔಷಧ. ಹೊಟ್ಟೆಹುಣ್ಣಿನ ಸೋಂಕಿಗೆ ಕೊಡುವ ಕ್ಲಾರಿಥ್ರೊಮೈಸಿನ್ ಕೂಡ ಹಾಗೆಯೇ. ಮೊದಲೇ ಕೊಬ್ಬಿನಿಂದ ಮಂದವಾದ ಕಿಣ್ವ. ಮೇಲೆ ಇಂಥದೊಂದು ಅದುಮು. ಆಗ ಅದೇ ದಾರಿಯ ಅಟೊರ್ವಾಸ್ಟಾಟಿನ್ ರಕ್ತದಲ್ಲಿ ಏರಿ ತೊಡೆ, ಭುಜಗಳಲ್ಲಿ ನೋವು ತರಬಹುದು, ಸ್ನಾಯು ಕರಗಿಸಬಹುದು. ಅಮ್ಲೊಡಿಪಿನ್ ಏರಿದರೆ ಕಾಲು ಬಾಯುತ್ತದೆ, ಬಿಪಿ ಇಳಿಯುತ್ತದೆ. ಸಿಮ್ವಾಸ್ಟಾಟಿನ್ ಜೊತೆಗಂತೂ ಇಟ್ರಾಕೊನಜೋಲ್ ಕೊಡಲೇಬಾರದು. ಚರ್ಮದ ಡಾಕ್ಟರಿಗೆ ಹೃದಯದ ಗುಳಿಗೆಯ ಚೀಟಿ ತೋರಿಸುವವರು ಎಷ್ಟು ಮಂದಿ? ನನ್ನ ಅನುಭವದಲ್ಲಿ ಬಹಳ ಕಡಿಮೆ. ದೇವನಹಳ್ಳಿಯ ಚಕ್ಕೋತದಂಥ ಹಣ್ಣುಗಳಲ್ಲೂ 3ಎ4 ಅನ್ನು ತಡೆಯುವ ರಾಸಾಯನಿಕಗಳಿವೆ. ದಿನಾ ಹಣ್ಣುಗಟ್ಟಲೆ ತಿನ್ನುವವರು ಆ ಮಾತನ್ನೂ ಡಾಕ್ಟರಿಗೆ ಹೇಳುವುದು ಒಳ್ಳೆಯದು.

ತಪ್ಪು ಕಲ್ಪನೆ: ಗಿಡಮೂಲಿಕೆಗೆ ಈ ತಾಪತ್ರಯ ಇಲ್ಲ. ಅದು ಲಿವರ್ ತೊಳೆಯುತ್ತದೆ.

ವಾಸ್ತವ: ಕಾಮಣಿಗೆ ನೆಲನೆಲ್ಲಿ ಅರೆದು ಕೊಡುವ ಮನೆಯಲ್ಲೇ ನಾನು ಬೆಳೆದದ್ದು. ಆ ನಂಬಿಕೆಯ ಬಗ್ಗೆ ನನಗೆ ಗೌರವವಿದೆ. ಆದರೆ ಬಾಯಿಂದ ಇಳಿದದ್ದು ಬೇರೋ ಗುಳಿಗೆಯೋ ಎಂದು ಲಿವರ್ ವಿಚಾರಿಸುವುದಿಲ್ಲ. ಗಿಡದೊಳಗಿನ ಅಣುಗಳನ್ನು ಒಡೆಯುವುದೂ ಇದೇ ಕಿಣ್ವಗಳೇ.

ನಮ್ಮ ರಾಜ್ಯದಲ್ಲೇ ಇದರ ಲೆಕ್ಕ ಇಟ್ಟವರಿದ್ದಾರೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ಹರ್ಷದ್ ದೇವರಭಾವಿ ಮತ್ತು ಸಂಗಡಿಗರು 1997ರಿಂದ 2008ರವರೆಗೆ ಔಷಧದಿಂದಲೇ ಲಿವರ್ ಕೆಟ್ಟು ಬಂದ 313 ರೋಗಿಗಳ ವಿವರವನ್ನು 2010ರಲ್ಲಿ ಪ್ರಕಟಿಸಿದರು. ಅವರಲ್ಲಿ ನೂರಕ್ಕೆ 58 ಮಂದಿಗೆ ಕಾರಣ ಕ್ಷಯದ ಔಷಧಗಳು. ನೂರಕ್ಕೆ 17 ಮಂದಿ ಉಳಿಯಲಿಲ್ಲ. ಆಮೇಲೆ ದೇಶದ ಹಲವು ಆಸ್ಪತ್ರೆಗಳು ಸೇರಿ 2013ರಿಂದ 2018ರವರೆಗೆ ಕಲೆಹಾಕಿದ 1,288 ರೋಗಿಗಳ ಪಟ್ಟಿಯಲ್ಲೂ ಕ್ಷಯದ ಔಷಧವೇ ಮೊದಲು, ನೂರಕ್ಕೆ 46. ಎರಡನೆಯ ಸ್ಥಾನ ಗಿಡಮೂಲಿಕೆ ಮತ್ತಿತರ ಪರ್ಯಾಯ ಔಷಧಗಳದ್ದು, ನೂರಕ್ಕೆ ಸುಮಾರು 14. ಮೂರ್ಛೆರೋಗದ ಗುಳಿಗೆಗಳಿಗಿಂತಲೂ ಅವು ಮುಂದಿದ್ದವು.

ಕೋವಿಡ್ ಕಾಲದಲ್ಲಿ ಅಮೃತಬಳ್ಳಿಯ ರಸ, ಗುಳಿಗೆ, ಪುಡಿ ನಮ್ಮ ಅಂಗಡಿಯಿಂದಲೂ ಹೇರಳವಾಗಿ ಹೋಯಿತು. 2020ರ ಕೊನೆಯ ತಿಂಗಳುಗಳಲ್ಲಿ ಮುಂಬೈನಲ್ಲಿ ಅಮೃತಬಳ್ಳಿ ಸೇವಿಸಿ ಲಿವರ್ ಊತದೊಂದಿಗೆ ಬಂದ 6 ಮಂದಿಯ ವಿವರ 2021ರಲ್ಲಿ ಪ್ರಕಟವಾಯಿತು. ಮುಂದಿನ ವರ್ಷ ಹಲವು ಊರುಗಳ ಆಸ್ಪತ್ರೆಗಳಿಂದ 43 ಮಂದಿಯ ವರದಿ ಬಂತು. ಆಯುಷ್ ಸಚಿವಾಲಯ ಮುಂಬೈ ವರದಿಯನ್ನು ಒಪ್ಪಲಿಲ್ಲ. ಅಮೃತಬಳ್ಳಿಯನ್ನೇ ಹೋಲುವ ಬೇರೆ ಬಳ್ಳಿ ಬಳಸಿರಬಹುದು ಎಂದಿತು. ಹಾಗಿದ್ದರೂ ಕೊಳ್ಳುವವನ ಕೈಗೆ ಸಿಕ್ಕ ಪುಡಿಯಲ್ಲಿ ಯಾವ ಬಳ್ಳಿ ಇದೆ ಎಂದು ಅವನಿಗೆ ತಿಳಿಯುವ ದಾರಿ ಯಾವುದು? ಅರಿಸಿನದ ಕ್ಯಾಪ್ಸೂಲ್‌ಗಳ ವಿಷಯವೂ ಹಾಗೆ. ಅಡಿಗೆಯ ಅರಿಸಿನದಿಂದ ಏನೂ ಆಗುವುದಿಲ್ಲ. ಆದರೆ ಮೆಣಸಿನ ಪಿಪೆರಿನ್ ಸೇರಿಸಿ, ರಕ್ತಕ್ಕೆ ಹೆಚ್ಚು ಇಳಿಯುವಂತೆ ಮಾಡಿದ ಕ್ಯಾಪ್ಸೂಲ್‌ಗಳಿಂದ ಲಿವರ್ ಊದಿದ ಪ್ರಕರಣಗಳು ಅಮೆರಿಕದಲ್ಲಿ ದಾಖಲಾಗಿವೆ. ಪಿಪೆರಿನ್ 3ಎ4 ಅನ್ನೂ ತಡೆಯುತ್ತದೆ.

ಕ್ಷಯದ ಮಾತು ಬಂದದ್ದರಿಂದ ಇದೊಂದನ್ನು ಹೇಳಲೇಬೇಕು: ಲಿವರ್‌ನಲ್ಲಿ ಕೊಬ್ಬಿದೆ ಎಂದು ಕ್ಷಯದ ಗುಳಿಗೆಯನ್ನು ನೀವಾಗಿ ನಿಲ್ಲಿಸಬೇಡಿ. ಮೊದಲ ವಾರಗಳಲ್ಲಿ ಹಸಿವು ಸತ್ತರೆ, ವಾಕರಿಕೆ ಹಿಡಿದರೆ, ಮೂತ್ರ ಕಡು ಹಳದಿಯಾದರೆ ಅಂದೇ ಆಸ್ಪತ್ರೆಗೆ ಹೋಗಿ. ಎಷ್ಟು ದಿನ ತಡೆಯಬೇಕು, ಯಾವುದನ್ನು ಮತ್ತೆ ಶುರು ಮಾಡಬೇಕು ಎಂದು ನೋಡುವುದು ಅಲ್ಲಿನ ವೈದ್ಯರ ಕೆಲಸ. ಕ್ಷಯದ ಗುಳಿಗೆಗಳಲ್ಲೊಂದಾದ ರಿಫಾಂಪಿಸಿನ್ ಇನ್ನೊಂದು ಕಡೆಯಿಂದಲೂ ಕೆಲಸ ಮಾಡುತ್ತದೆ: ಅದು 3ಎ4 ಅನ್ನು ಹೆಚ್ಚಿಸಿ ಬಿಪಿ ಗುಳಿಗೆ, ಗರ್ಭನಿರೋಧಕ ಗುಳಿಗೆಗಳ ಬಲವನ್ನು ಇಳಿಸುತ್ತದೆ.

ತಪ್ಪು ಕಲ್ಪನೆ: ಗ್ರೇಡ್ 1 ಆದರೆ ಚಿಂತೆಯಿಲ್ಲ, ಗ್ರೇಡ್ 3 ಆದರೆ ಔಷಧಗಳೆಲ್ಲ ಬದಲಾಗಬೇಕು.

ವಾಸ್ತವ: ಸ್ಕ್ಯಾನಿಂಗಿನ ಗ್ರೇಡ್ ಹೇಳುವುದು ಲಿವರ್ ಎಷ್ಟು ಬೆಳ್ಳಗೆ ಹೊಳೆಯುತ್ತದೆ ಎಂಬುದನ್ನು, ಅಂದರೆ ಕೊಬ್ಬಿನ ಅಂದಾಜನ್ನು. ಔಷಧದ ಡೋಸ್ ನಿರ್ಧರಿಸುವುದು ಕೊಬ್ಬಿಗಿಂತ ಹೆಚ್ಚಾಗಿ ಗಾಯದ ಕಲೆ, ಫೈಬ್ರೋಸಿಸ್. ಗ್ರೇಡ್ 1 ಇದ್ದವರಲ್ಲೂ ಕಲೆ ಇರಬಹುದು, ಗ್ರೇಡ್ 3 ಇದ್ದವರಲ್ಲಿ ಇಲ್ಲದಿರಬಹುದು.

ಕಲೆಯ ಮೊದಲ ಅಂದಾಜಿಗೆ ಫಿಬ್-4 ಎಂಬ ಸರಳ ಲೆಕ್ಕವಿದೆ. ವಯಸ್ಸನ್ನು ಎಸ್‌ಜಿಒಟಿಯಿಂದ ಗುಣಿಸಿ. ಅದನ್ನು ಪ್ಲೇಟ್‌ಲೆಟ್ (ಸಾವಿರಗಳಲ್ಲಿ) ಮತ್ತು ಎಸ್‌ಜಿಪಿಟಿಯ ವರ್ಗಮೂಲದ ಗುಣಲಬ್ಧದಿಂದ ಭಾಗಿಸಿ. 48 ವರ್ಷದವರ ಎಸ್‌ಜಿಒಟಿ 44, ಎಸ್‌ಜಿಪಿಟಿ 64, ಪ್ಲೇಟ್‌ಲೆಟ್ 2,20,000 ಎಂದಿಟ್ಟುಕೊಳ್ಳಿ. 48ನ್ನು 44ರಿಂದ ಗುಣಿಸಿದರೆ 2,112, 220ನ್ನು 8ರಿಂದ ಗುಣಿಸಿದರೆ 1,760, ಉತ್ತರ 1.2. ಇದು 1.3ಕ್ಕಿಂತ ಕಡಿಮೆ ಇದ್ದರೆ ಮುಂದುವರಿದ ಕಲೆಯ ಸಾಧ್ಯತೆ ಕಡಿಮೆ. ಪ್ಲೇಟ್‌ಲೆಟ್ 1,50,000ಕ್ಕೆ ಇಳಿದಿದ್ದರೆ ಅದೇ ಮನುಷ್ಯನ ಲೆಕ್ಕ 1.76 ಆಗುತ್ತಿತ್ತು, ಆಗ ಲಿವರ್ ಎಷ್ಟು ಗಟ್ಟಿಯಾಗಿದೆ ಎಂದು ಫೈಬ್ರೋಸ್ಕ್ಯಾನ್ ಮಾಡಿಸಿ ನೋಡುತ್ತಾರೆ. ತೀರ ಚಿಕ್ಕ ವಯಸ್ಸಿನವರಿಗೆ ಈ ಲೆಕ್ಕ ಸರಿಹೋಗುವುದಿಲ್ಲ, 65 ದಾಟಿದವರಿಗೆ ಗೆರೆ 2ಕ್ಕೆ ಏರುತ್ತದೆ.

ಲಿವರ್ ಪೂರ್ತಿ ಗಟ್ಟಿಯಾಗಿ ಸಿರೋಸಿಸ್ ಆದಾಗ ಮಾತ್ರ ಚಿತ್ರ ನಿಜಕ್ಕೂ ಬದಲಾಗುತ್ತದೆ. ಕಿಣ್ವಗಳು ಕಡಿಮೆ, ರಕ್ತ ಲಿವರ್ ಹೊಗದೆ ಅಡ್ಡದಾರಿ ಹಿಡಿಯುವುದು, ರಕ್ತದಲ್ಲಿ ಔಷಧ ಹಿಡಿದಿಡುವ ಆಲ್ಬುಮಿನ್ ಇಳಿದಿರುವುದು, ಮೂರೂ ಸೇರುತ್ತವೆ. ಆಗ ವೈದ್ಯರು ಬಿಲಿರುಬಿನ್, ಆಲ್ಬುಮಿನ್, ರಕ್ತ ಹೆಪ್ಪುಗಟ್ಟುವ ಸಮಯ, ಹೊಟ್ಟೆಯ ನೀರು, ಮಂಪರು ಈ ಐದನ್ನು ನೋಡಿ ಚೈಲ್ಡ್-ಪ್ಯೂ ಅಂಕ ಹಾಕಿ, ಅದಕ್ಕೆ ತಕ್ಕಂತೆ ಡೋಸ್ ಇಳಿಸುತ್ತಾರೆ ಅಥವಾ ಔಷಧ ಬದಲಿಸುತ್ತಾರೆ.

ತಪ್ಪು ಕಲ್ಪನೆ: ಒಮ್ಮೆ ಕೆಟ್ಟ ಕಿಣ್ವ ಮತ್ತೆ ಸರಿಹೋಗುವುದಿಲ್ಲ, ಇನ್ನು ಲಿವರ್ ಗುಳಿಗೆಯೇ ಗತಿ.

ವಾಸ್ತವ: ಕೊಬ್ಬು ಕರಗಿಸುವ ಔಷಧಗಳು ಬರುತ್ತಿವೆ, ನಿಜ. ನಮ್ಮ ದೇಶದಲ್ಲಿ ಸರೊಗ್ಲಿಟಜಾರ್‌ಗೆ 2020ರಲ್ಲಿ ಒಪ್ಪಿಗೆ ಸಿಕ್ಕಿತು; ಅಮೆರಿಕದಲ್ಲಿ ಮಾರ್ಚ್ 2024ರಲ್ಲಿ ರೆಸ್ಮೆಟಿರೋಮ್‌ಗೆ. ಆ ರೆಸ್ಮೆಟಿರೋಮ್ ಕೂಡ 2ಸಿ8 ಎಂಬ ಕಿಣ್ವದ ದಾರಿಯದು, ಕ್ಲೊಪಿಡೊಗ್ರೆಲ್ ಜೊತೆಗೆ ಕೊಡಬೇಕಾದರೆ ಅದರ ಡೋಸ್ ಇಳಿಸಬೇಕು. ಲಿವರ್‌ಗೆಂದೇ ಬಂದ ಔಷಧವೂ ಲಿವರ್‌ನ ಕಿಣ್ವಗಳ ಲೆಕ್ಕ ತಪ್ಪಿಸುವಂತಿಲ್ಲ.

ಆದರೆ ಎಲ್ಲರ ಕೈಗೆ ಎಟುಕುವ ದಾರಿ ಇನ್ನೂ ತೂಕ ಇಳಿಸುವುದೇ. ತೂಕದಲ್ಲಿ ನೂರಕ್ಕೆ 5 ಇಳಿದರೆ ಕೊಬ್ಬು ಕರಗತೊಡಗುತ್ತದೆ, 7ರಿಂದ 10 ಇಳಿದರೆ ಉರಿಯೂತ ತಗ್ಗುತ್ತದೆ, 10 ದಾಟಿದರೆ ಕಲೆಯೂ ಹಿಂದೆ ಸರಿಯುವುದು ಎಷ್ಟೋ ಜನರಲ್ಲಿ ಕಂಡಿದೆ. ಕಿಣ್ವಗಳೂ ಹಿಂದಿರುಗುತ್ತವೆ. ತೂಕ ಇಳಿಸುವ ಶಸ್ತ್ರಚಿಕಿತ್ಸೆ ಆದವರಲ್ಲಿ ತಿಂಗಳುಗಳು ಕಳೆದಂತೆ 3ಎ4ರ ಕೆಲಸ ಚುರುಕಾಗಿದ್ದು, ಏರಿದ್ದ 2ಇ1 ಇಳಿದದ್ದು ಅಧ್ಯಯನಗಳಲ್ಲಿ ದಾಖಲಾಗಿದೆ. ಹಾಗಾಗಿ ತೂಕ ಇಳಿದ ಮೇಲೆ ಹಳೆಯ ಡೋಸ್ ಅನ್ನೇ ಕಣ್ಣುಮುಚ್ಚಿ ನುಂಗುತ್ತಿರಬಾರದು, ಒಮ್ಮೆ ತೋರಿಸಿಕೊಳ್ಳಬೇಕು.

ಇಲ್ಲಿನ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವ ಅಕ್ಕ ಒಬ್ಬರು ಮೂರು ವರ್ಷದಿಂದ ನಮ್ಮಲ್ಲೇ ಬಿಪಿ, ಸಕ್ಕರೆ ಗುಳಿಗೆ ಒಯ್ಯುತ್ತಾರೆ. ಹೋದ ವರ್ಷ ಫ್ಯಾಟಿ ಲಿವರ್ ಎಂದಾಗ ಅವರು ಗುಳಿಗೆ ಬಿಡಲಿಲ್ಲ. ಸಂಜೆಯ ಮಿರ್ಚಿ ಭಜಿ ಬಿಟ್ಟರು, ರಾತ್ರಿ ಅನ್ನದ ಬದಲು ಜೋಳದ ರೊಟ್ಟಿ, ಪಲ್ಯೆಗೆ ಬಂದರು, ಬೆಳಿಗ್ಗೆ ಮುಕ್ಕಾಲು ಗಂಟೆ ನಡೆದರು. ಎಂಟು ತಿಂಗಳಿಗೆ ಏಳು ಕಿಲೊ ಇಳಿಯಿತು. ಒಂದು ದಿನ ಕೌಂಟರಿನ ಮುಂದೆ ಬಂದು "ಎದ್ ನಿಂತ್ರ ಕಣ್ಣಿಗೆ ಕತ್ತಲಿ ಬರ್ತೈತ್ರಿ ಸರ" ಎಂದರು. ಬಿಪಿ ನೋಡಿದೆ, ಮೇಲಿನದು 98. ಅಂದು ಗುಳಿಗೆ ಕೊಡಲಿಲ್ಲ. ನೇರ ಅವರ ಡಾಕ್ಟರ ಹತ್ತಿರ ಕಳಿಸಿದೆ, ಮನೆಯ ಗುಳಿಗೆಗಳನ್ನೆಲ್ಲ ಚೀಲದಲ್ಲಿ ಹಾಕಿಕೊಂಡು ಹೋಗಿ ಎಂದೆ. ಡಾಕ್ಟರು ಎರಡು ಬಿಪಿ ಗುಳಿಗೆಗಳಲ್ಲಿ ಒಂದನ್ನು ತೆಗೆದರು, ಇನ್ನೊಂದನ್ನು ಇಳಿಸಿದರು, ಮೆಟ್‌ಫಾರ್ಮಿನ್ ಹಾಗೆಯೇ ಉಳಿಸಿದರು. ಮರುವಾರ ಹೊಸ ಚೀಟಿ ಹಿಡಿದು ಬಂದರು. ಬಿಪಿ 124 ಇತ್ತು.